ಸಹಿಗೆ ಮೊದಲು ಕನ್ನಡ!

ಕನ್ನಡದ ಯುವಕ ಯುವತಿಯರೇ,

ನಮ್ಮ ಆನವಟ್ಟಿ ಕಡೆ ಎಲೆ, ಅಡಿಕೆ, ಹೊಗೆಸೊಪ್ಪು ಹಾಕುವ ಅಜ್ಜನಿಗೆ ಬಾಯಿಹುಣ್ಣು ಮಾಯದಿದ್ದರೆ, ಕೊನೆಗೆ ಬಸ್ಸು ಹತ್ತುವುದು ಬೆಂಗಳೂರಿಗೆ. 1973ರಲ್ಲಿ ಕಿದ್ವಾಯಿ ಸಂಸ್ಥೆ ಹುಟ್ಟಿದಾಗಿನಿಂದ ಆ ದಾರಿ ಹಿಡಿದ ಬಡವರು ಲೆಕ್ಕವಿಲ್ಲದಷ್ಟು.

ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರಿನ ಹೊಸ ಔಷಧಿಗಳ ಪ್ರಯೋಗ ನಡೆಯುತ್ತದೆ. ನಡೆಯಲಿ! ಪ್ರಯೋಗವಿಲ್ಲದೆ ಔಷಧಿಯಿಲ್ಲ. ಆದರೆ ಅಜ್ಜನ ಮುಂದೆ ಇಂಗ್ಲಿಷ್ ಹಾಳೆ ಚಾಚಿ 'ಹೆಬ್ಬೆಟ್ಟು ಒತ್ತು' ಎಂದರೆ ಅದು ಒಪ್ಪಿಗೆಯೇ? ಅಲ್ಲ, ಮೋಸ!

ಇದು ಬರೀ ನಮ್ಮ ಮಾತಲ್ಲ, ಕಾನೂನು. ಕೇಂದ್ರ ಸರ್ಕಾರದ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ, ಪ್ರಯೋಗದ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಬಾಯಲ್ಲೂ ಹೇಳಬೇಕು, ಬರಹದಲ್ಲೂ ಕೊಡಬೇಕು. ಒಪ್ಪಿಗೆ ಪತ್ರದ ಪ್ರತಿ ರೋಗಿಯ ಅಥವಾ ಅವರ ಕಡೆಯವರ ಕೈ ಸೇರಬೇಕು. ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು.

ಪ್ರೆಸ್ ನಡೆಸುವ ನಮಗೆ ಗೊತ್ತು: ನಾಲ್ಕು ಪುಟ ಕನ್ನಡ ಅಚ್ಚು ಹಾಕಲು ಒಂದು ದಿನ ಸಾಕು. ಬೇಕಾದದ್ದು ಮನಸ್ಸು!

ಬೋರ್ಡಿನ ಕನ್ನಡಕ್ಕೆ ಹೋರಾಡಿದಿರಿ. ಈಗ ಊರಿನ ಹಿರಿಯರ ಜೊತೆ ಆಸ್ಪತ್ರೆಗೂ ಹೋಗಿ. ಕನ್ನಡದ ಹಾಳೆ ಕೇಳಿ, ಓದಿ ಹೇಳಿ. ಸಹಿ ಆಮೇಲೆ!