ಬಯಲುಸೀಮೆಯ ದ್ವೀಪಗಳು

ದ್ವೀಪವೆಂದೊಡನೆ ನಾಲ್ಕು ಕಡೆಯೂ ನೀರಿನಿಂದ ಆವೃತವಾದ ಭೂಭಾಗವೊಂದು ಕಣ್ಣಮುಂದೆ ನಿಲ್ಲುತ್ತದೆ. ಭೂಗೋಳಶಾಸ್ತ್ರದ ವ್ಯಾಖ್ಯೆಯೂ ಅದೇ. ಆದರೆ ಜೀವಿಗಳ ದೃಷ್ಟಿಯಿಂದ ವಿಚಾರಿಸಿದರೆ ದ್ವೀಪವಾಗಲು ನೀರೇ ಬೇಕೆಂದಿಲ್ಲ. ಪ್ರಾಣಿಯೊಂದು ಬಾಳಬಲ್ಲ ನೆಲೆಯ ಸುತ್ತಲೂ ಅದು ಬಾಳಲಾರದ ನೆಲ ಹಬ್ಬಿದ್ದರೆ, ಆ ಪ್ರಾಣಿಯ ಪಾಲಿಗೆ ಆ ನೆಲೆಯೇ ದ್ವೀಪ. ಬಂಡೆಗಳ ನಡುವೆ ಗೂಡು ಕಟ್ಟುವ ಹಕ್ಕಿಗೆ ಕಲ್ಲುಬೆಟ್ಟವೇ ದ್ವೀಪ. ಹುಲ್ಲು ಮೇಯುವ ಜಿಂಕೆಗೆ ಹೊಲಗಳ ನಡುವೆ ಉಳಿದ ಹುಲ್ಲುಗಾವಲೇ ದ್ವೀಪ. ಈ ಅರ್ಥದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಹತ್ತಾರು ದ್ವೀಪಗಳಿವೆ. ಅವುಗಳ ಅಳಿವು ಉಳಿವುಗಳನ್ನು ಅರಿಯಬೇಕಾದರೆ ಮೊದಲು ಸಮುದ್ರದ ದ್ವೀಪಗಳ ಕಥೆಯನ್ನು ಕೇಳಬೇಕು.

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಸೇಂಟ್ ಹೆಲೆನಾ ಎಂಬ ಪುಟ್ಟ ದ್ವೀಪವಿದೆ. ನೆಪೋಲಿಯನ್ ಸೆರೆಯಾಳಾಗಿ ಕೊನೆಯುಸಿರೆಳೆದ ಸ್ಥಳವೆಂದು ಚರಿತ್ರೆಯ ವಿದ್ಯಾರ್ಥಿಗಳಿಗೆ ಅದು ಪರಿಚಿತ. ಹದಿನಾರನೆಯ ಶತಮಾನದಲ್ಲಿ ಹಡಗಿನವರು ಆಹಾರಕ್ಕೆಂದು ಅಲ್ಲಿ ಆಡುಗಳನ್ನು ಬಿಟ್ಟರು. ಅದುವರೆಗೆ ಮೇಯುವ ಪ್ರಾಣಿಯನ್ನೇ ಕಾಣದಿದ್ದ ಗಿಡಮರಗಳಿಗೆ ಅವುಗಳಿಂದ ತಪ್ಪಿಸಿಕೊಳ್ಳುವ ಉಪಾಯ ತಿಳಿದಿರಲಿಲ್ಲ. ಚಿಗುರು ಚಿಗುರುವ ಮೊದಲೇ ಮಾಯವಾಯಿತು, ಕಾಡು ಕರಗಿತು. ಜಗತ್ತಿನ ಬೇರೆಲ್ಲೂ ಬೆಳೆಯದ ಸೇಂಟ್ ಹೆಲೆನಾ ಆಲಿವ್ ಎಂಬ ಮರದ ಕೊನೆಯ ಕಾಡುಗಿಡ 1994ರಲ್ಲಿ ಒಣಗಿತು. ಸಾಕಿ ಬೆಳೆಸಿದ್ದ ಕೊನೆಯ ಗಿಡವೂ 2003ರಲ್ಲಿ ಸತ್ತಿತು. ಆ ಜಾತಿ ಇನ್ನೆಂದಿಗೂ ಮರಳಿ ಬಾರದು.

ಇದೇ ಸಾಗರದ ಇನ್ನೂ ದಕ್ಷಿಣಕ್ಕೆ, ಹಿಮಬಂಡೆಗಳ ನಡುವೆ, ದಕ್ಷಿಣ ಜಾರ್ಜಿಯಾ ದ್ವೀಪವಿದೆ. ತಿಮಿಂಗಿಲ ಮತ್ತು ಸೀಲ್ ಪ್ರಾಣಿಗಳ ಬೇಟೆಗಾರರ ಹಡಗುಗಳಲ್ಲಿ ಬಂದಿಳಿದ ಇಲಿಗಳು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಮರಿಗಳನ್ನು ತಿಂದು ಮುಗಿಸತೊಡಗಿದವು. 2011ರಿಂದ 2015ರವರೆಗೆ ಸಂರಕ್ಷಕರು ಹೆಲಿಕಾಪ್ಟರುಗಳಿಂದ ಇಲಿಪಾಷಾಣವನ್ನು ಹರಡಿದರು. ಬಳಿಕ ತರಬೇತಾದ ನಾಯಿಗಳೊಂದಿಗೆ ಕಣಿವೆ ಕಣಿವೆಗಳನ್ನು ಅಲೆದು ಹುಡುಕಿದರು. 2018ರಲ್ಲಿ ದ್ವೀಪ ಇಲಿಗಳಿಂದ ಮುಕ್ತವಾಯಿತೆಂದು ಸಾರಲಾಯಿತು. ಪುಟ್ಟ ಹಾಡುಹಕ್ಕಿಗಳು ಮರಳಿ ಗೂಡು ಕಟ್ಟಿದವು. ಕೊರೆಯುವ ಚಳಿಯಲ್ಲಿ, ಮನೆಮಾರುಗಳಿಂದ ಸಾವಿರಾರು ಮೈಲಿ ದೂರದಲ್ಲಿ ದುಡಿದವರ ತಾಳ್ಮೆ ಮೆಚ್ಚತಕ್ಕದ್ದು.

ದ್ವೀಪಗಳ ಜೀವಸಂಪತ್ತು ಇಷ್ಟು ಸುಲಭವಾಗಿ ನಾಶವಾಗುವುದೇಕೆ? 1967ರಲ್ಲಿ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ಇದಕ್ಕೆ ಸಂಬಂಧಿಸಿದ ಸಿದ್ಧಾಂತವೊಂದನ್ನು ಮಂಡಿಸಿದರು. ದ್ವೀಪ ಚಿಕ್ಕದಾದಷ್ಟೂ ಅಲ್ಲಿ ಜೀವಜಾತಿಗಳು ಬೇಗ ಅಳಿಯುತ್ತವೆ. ದೂರವಾದಷ್ಟೂ ಹೊಸಬರು ಬಂದು ಸೇರುವುದು ಅಪರೂಪವಾಗುತ್ತದೆ. ಈ ಮಾತು ನೆಲದ ಮೇಲಿನ ದ್ವೀಪಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಪಾವಗಡದ ನಿಡಗಲ್ಲು ದುರ್ಗ, ಇವು ಬಯಲಿನಿಂದ ಥಟ್ಟನೆ ಮೇಲೆದ್ದ ಕಲ್ಲಿನ ದ್ವೀಪಗಳು. ಹಳದಿ ಕೊರಳಿನ ಪಿಕಳಾರವೆಂಬ ಹಕ್ಕಿ ಇಂತಹ ಕುರುಚಲು ಕಾಡಿನ ಬಂಡೆಗುಡ್ಡಗಳನ್ನೇ ಆಶ್ರಯಿಸಿದೆ. ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನಲ್ಲಿ ಅದಕ್ಕೆ ಬೇರೆ ಮನೆಯಿಲ್ಲ. ಅಪಾಯದ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದರ ಹೆಸರೂ ಸೇರಿದೆ. ಕಲ್ಲುಗಣಿಗಾಗಿ ಗುಡ್ಡವೊಂದನ್ನು ಒಡೆದರೆ ಒಡೆಯುವುದು ಕಲ್ಲು ಮಾತ್ರವಲ್ಲ; ಒಂದು ದ್ವೀಪವೇ ಮುಳುಗಿದಂತೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿಯಿರುವ ಹುಲ್ಲುಗಾವಲು ಇನ್ನೊಂದು ಬಗೆಯ ದ್ವೀಪ. ಅಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಮೇಯುತ್ತವೆ. 2007ರಲ್ಲಿ ಸರ್ಕಾರ ಇದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಇದರ ವಿಸ್ತಾರ ಕೇವಲ 798 ಎಕರೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಧಾಮವಾಯಿತು.

ಹುಲ್ಲುಗಾವಲಿಗೆ ಶತ್ರುಗಳು ಹೊರಗಿನಿಂದಲೇ ಬರಬೇಕೆಂದಿಲ್ಲ. ಕೆಲವೊಮ್ಮೆ ಸದುದ್ದೇಶವೇ ಶತ್ರುವಾಗುತ್ತದೆ. ಮರ ನೆಡುವುದು ಪುಣ್ಯಕಾರ್ಯವೆಂಬ ಮಾತನ್ನು ಯಾರೂ ಅಲ್ಲಗಳೆಯರು. ಆದರೆ ಹುಲ್ಲು ಬೆಳೆಯಬೇಕಾದ ನೆಲದಲ್ಲಿ ನೀಲಗಿರಿಯನ್ನು ನೆಟ್ಟರೆ ನೆರಳು ಹೆಚ್ಚಿ ಹುಲ್ಲು ಸೊರಗುತ್ತದೆ. ಓಟವನ್ನೂ ದೂರದ ನೋಟವನ್ನೂ ನಂಬಿ ಬದುಕುವ ಕೃಷ್ಣಮೃಗಕ್ಕೆ ಬಯಲು ಇಲ್ಲವಾಗುತ್ತದೆ. ಪರದೇಶದಿಂದ ಬಂದ ಬಳ್ಳಾರಿ ಜಾಲಿಯೂ ಇಂತಹದೇ ಅತಿಥಿ. ಸೇಂಟ್ ಹೆಲೆನಾದಲ್ಲಿ ಆಡು ಮಾಡಿದ್ದನ್ನು ಇಲ್ಲಿ ಗಿಡವೇ ಮಾಡಬಲ್ಲದು. ಎಲ್ಲಿ ಮರ ಬೇಕು, ಎಲ್ಲಿ ಹುಲ್ಲು ಬೇಕು ಎಂಬ ವಿವೇಕವಿಲ್ಲದ ಹಸಿರು ಪ್ರೇಮ ಹಸಿರಿಗೇ ಮುಳುವಾದೀತು.

ಇದಕ್ಕೆ ಮೂಲಕಾರಣ ಒಂದು ಪದದಲ್ಲಿ ಅಡಗಿದೆ. ಉಳದ, ಬಿತ್ತದ, ಮರವಿಲ್ಲದ ನೆಲವನ್ನೆಲ್ಲ 'ಬಂಜರು' ಎಂದು ಕರೆಯುವುದು ರೂಢಿ. ಬಂಜರೆಂದ ಮೇಲೆ ಅದನ್ನು ಏನು ಮಾಡಿದರೂ ನಷ್ಟವಿಲ್ಲವೆಂಬ ಭಾವನೆ ಬೆಳೆಯುತ್ತದೆ. ಪಾವಗಡ ತಾಲ್ಲೂಕಿನಲ್ಲಿ 2018ರಿಂದ ಕಾರ್ಯಾರಂಭ ಮಾಡಿದ ಸೌರವಿದ್ಯುತ್ ಉದ್ಯಾನ ಸುಮಾರು 13,000 ಎಕರೆಗಳಲ್ಲಿ ಹರಡಿದೆ. 2,050 ಮೆಗಾವ್ಯಾಟ್ ಅದರ ಸಾಮರ್ಥ್ಯ. ಬರದಿಂದ ಬಳಲಿದ ರೈತರಿಗೆ ಭೂಮಿಯ ಗುತ್ತಿಗೆಯಿಂದ ಹಣ ದೊರೆಯಿತು. ಹೊಗೆಯಿಲ್ಲದ ವಿದ್ಯುತ್ತು ನಾಡಿಗೆ ದೊರೆಯಿತು. ಇದು ಸ್ವಾಗತಾರ್ಹವೇ. ಆದರೂ ಇಂತಹ ಯೋಜನೆಗಳಿಗೆ ನೆಲವನ್ನು ಆರಿಸುವ ಮುನ್ನ ಅಲ್ಲಿ ಬದುಕುವ ಜೀವಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

ಇಲ್ಲೊಂದು ಆಕ್ಷೇಪಣೆ ಏಳುವುದು ಸಹಜ. ಸಾಲ ಮಾಡಿ ಬಿತ್ತಿದ ರಾಗಿ, ಕಡಲೆಕಾಯಿಗಳ ಹೊಲಕ್ಕೆ ಕೃಷ್ಣಮೃಗಗಳ ಹಿಂಡು ನುಗ್ಗಿದರೆ ರೈತನಿಗೆ ಅವುಗಳ ಚೆಲುವು ಕಾಣುವುದೇ? ಜನವಸತಿಯಿಲ್ಲದ ದೂರದ್ವೀಪದ ನೀತಿಯನ್ನು ಹಳ್ಳಿಗಾಡಿಗೆ ತರುವುದು ಸರಿಯೇ? ಆಕ್ಷೇಪಣೆಯಲ್ಲಿ ಹುರುಳಿದೆ. ಜಗತ್ತಿಗೆಲ್ಲ ಸೇರಿದ ಸಂಪತ್ತನ್ನು ಕಾಯುವ ಹೊರೆ ಅತ್ಯಂತ ಬಡವನೊಬ್ಬನ ಹೆಗಲ ಮೇಲೆ ಬೀಳಬಾರದು. ಬೆಳೆನಷ್ಟಕ್ಕೆ ತಕ್ಕ ಪರಿಹಾರ ಸಕಾಲದಲ್ಲಿ ದೊರೆಯಲೇಬೇಕು. ಜನರ ಒಪ್ಪಿಗೆಯಿಲ್ಲದ ಸಂರಕ್ಷಣೆ ಬಹುಕಾಲ ಬಾಳದು.

ಜನರ ಒಪ್ಪಿಗೆ ದೊರೆತರೆ ಏನಾಗಬಲ್ಲದು ಎಂಬುದಕ್ಕೆ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮವೇ ಸಾಕ್ಷಿ. ಊರಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಅವುಗಳ ಗದ್ದಲವನ್ನೂ ಹಿಕ್ಕೆಯ ನಾತವನ್ನೂ ಗ್ರಾಮಸ್ಥರು ಸಹಿಸಿಕೊಂಡು, ಹಕ್ಕಿಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಅಲ್ಲಿ ಹಕ್ಕಿಗಳಿಗೆ ಬೇಲಿಗಿಂತ ಬಲವಾದ ಕಾವಲು ಊರಿನ ಮನಸ್ಸೇ.

ದೂರದ ದ್ವೀಪಗಳನ್ನು ಕಾಯುವ ಕೆಲಸ ಹಿರಿದು. ಅದಕ್ಕೆ ಹಡಗು, ಹೆಲಿಕಾಪ್ಟರು, ಹಲವು ರಾಷ್ಟ್ರಗಳ ನೆರವು ಬೇಕಾದೀತು. ಊರ ಪಕ್ಕದ ದ್ವೀಪವನ್ನು ಕಾಯಲು ಬೇಕಾದುದು ಅದನ್ನು ದ್ವೀಪವೆಂದು ಗುರುತಿಸುವ ಕಣ್ಣು ಮತ್ತು ಅದು ಬಂಜರಲ್ಲವೆಂದು ಹೇಳುವ ನಾಲಗೆ. ಶಾಲೆಗೆ ಹೋಗುವ ದಾರಿಯಲ್ಲಿ ನಿತ್ಯ ಕಾಣುವ ಗುಡ್ಡಕ್ಕೂ ಹುಲ್ಲುಬಯಲಿಗೂ ಅಷ್ಟು ಸಲ್ಲಿಸುವುದು ಯಾವ ವಿದ್ಯಾರ್ಥಿಗೂ ಅಸಾಧ್ಯವಲ್ಲ.