ಪೇಟೆಗೆ ಎತ್ತರದ ಜಿದ್ದು, ಹಳ್ಳಿಗೆ ಎರಡು ಊರಿನ ಅಲೆದಾಟ

ಹಾವೇರಿ ದೊಡ್ಡದೋ, ರಾಣೆಬೆನ್ನೂರು ದೊಡ್ಡದೋ? ನಮ್ಮ ಭಾಗದ ಚಹಾದಂಗಡಿಗಳಲ್ಲಿ ಈ ವಾದಕ್ಕೆ ಕೊನೆಯೇ ಇಲ್ಲ. ಈಗ ಅದು ಮೊಬೈಲಿಗೂ ಬಂದಿದೆ. ಒಬ್ಬರು ರಾಣೆಬೆನ್ನೂರಿನ ಡ್ರೋನ್ ವಿಡಿಯೋ ಸ್ಟೇಟಸ್‌ಗೆ ಹಾಕಿದರೆ ಇನ್ನೊಬ್ಬರು ಹಾವೇರಿಯದ್ದು ಹಾಕುತ್ತಾರೆ. ಎಷ್ಟು ಅಂತಸ್ತು, ಎಷ್ಟು ಮಾಲ್, ಎಷ್ಟು ಲೈಟು ಎಂದು ಲೆಕ್ಕ ಶುರುವಾಗುತ್ತದೆ. ಬೈಕಿನ ನಂಬರಿನಲ್ಲೂ ಈ ಜಿದ್ದು ಕಾಣುತ್ತದೆ: ಹಾವೇರಿಯದ್ದು ಕೆಎ 27, ರಾಣೆಬೆನ್ನೂರಿನದ್ದು ಕೆಎ 68.

ಈ ಎರಡು ಊರಿನ ನಡುವೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಒಂದೇ ಹೆದ್ದಾರಿ, ಒಂದೇ ರೈಲು ಹಳಿ. ಕುಡಿಯುವುದೂ ಒಂದೇ ತುಂಗಭದ್ರೆಯ ನೀರು. ಹಲಗೇರಿ ಸುತ್ತಮುತ್ತಲಿನ ನಾವು ಈ ವಾದದಲ್ಲಿ ಯಾವ ಕಡೆ ನಿಲ್ಲಬೇಕು? ಯಾವ ಕಡೆಯೂ ಬೇಡ ಅನ್ನುವುದು ನಮ್ಮ ಮಾತು. ಯಾಕೆ ಅಂತ ಹೇಳುತ್ತೇವೆ.

ಮೊದಲು ಎತ್ತರದ ಲೆಕ್ಕವನ್ನೇ ನೋಡೋಣ. ಹೆದ್ದಾರಿಯಲ್ಲಿ ನಿಂತು ನೋಡಿದರೆ ಎರಡೂ ಊರಿನ ತಲೆ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತದೆ. ನೀರಿನ ಟ್ಯಾಂಕು, ಮೊಬೈಲ್ ಟವರ್, ಗುಡಿ ಶಿಖರ, ಮಸೀದಿ ಮಿನಾರು, ನಡುವೆ ಮೂರ್ನಾಲ್ಕು ಅಂತಸ್ತಿನ ಕಾಂಪ್ಲೆಕ್ಸ್‌ಗಳು. ವ್ಯತ್ಯಾಸ ಇರುವುದು ಎತ್ತರದಲ್ಲಿ ಅಲ್ಲ, ಆ ಎತ್ತರ ಎಲ್ಲಿಂದ ಬಂತು ಅನ್ನುವುದರಲ್ಲಿ.

ಹಾವೇರಿಯ ಹಳೆಯ ಹೆಮ್ಮೆ ಪುರಸಿದ್ಧೇಶ್ವರ ಗುಡಿ, ಕಲ್ಯಾಣ ಚಾಲುಕ್ಯರ ಕಾಲದ ಕಲ್ಲಿನ ಕೆಲಸ. ಹೊಸ ಹೆಮ್ಮೆಗಳೆಲ್ಲ ಸರ್ಕಾರ ಕಟ್ಟಿದವು. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಹಾವೇರಿ ಜಿಲ್ಲೆ ಆಯಿತು. ಅದರ ಹಿಂದೆ ಜಿಲ್ಲಾಧಿಕಾರಿ ಕಚೇರಿ ಬಂತು, ಎಸ್‌ಪಿ ಕಚೇರಿ, ಜಿಲ್ಲಾ ನ್ಯಾಯಾಲಯ ಬಂದವು. ದೇವಗಿರಿ ಕಡೆ ಜಿಲ್ಲಾಡಳಿತ ಭವನ ಎದ್ದಿತು. ವೈದ್ಯಕೀಯ ಕಾಲೇಜಿನ ತರಗತಿ 2022-23ರಲ್ಲಿ ಶುರುವಾದವು. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನವೂ ಅಲ್ಲೇ ಆಯಿತು. ಹಾವೇರಿ ಎದ್ದಿದ್ದು ಆದೇಶದ ಮೇಲೆ.

ರಾಣೆಬೆನ್ನೂರು ಎದ್ದಿದ್ದು ವ್ಯಾಪಾರದ ಮೇಲೆ. ಹತ್ತಿ, ಎಣ್ಣೆ, ಬಟ್ಟೆ, ದನದ ಪೇಟೆ, ಬೀಜ. ಖಾಸಗಿ ಆಸ್ಪತ್ರೆಗಳ ಸಾಲು. ಬೀಜದ ಮಾತಂತೂ ನಮಗೆ ಹೊಸದಲ್ಲ. ಹತ್ತಿ, ಟೊಮೆಟೊ, ಮೆಣಸಿನ ಹೂವಿಗೆ ಒಂದೊಂದಾಗಿ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ಮಾಡಿದವರು ನಮ್ಮ ಹಳ್ಳಿಯ ಹೆಣ್ಣುಮಕ್ಕಳೇ. ರಾಣೆಬೆನ್ನೂರಿನ ಎಷ್ಟೋ ಮಹಡಿಗಳ ಕೆಳಗೆ ಆ ಬೆರಳುಗಳ ದುಡಿಮೆ ಇದೆ. ಡ್ರೋನ್ ವಿಡಿಯೋದಲ್ಲಿ ಅದು ಕಾಣುವುದಿಲ್ಲ.

ಇನ್ನು ಬೆಳವಣಿಗೆಯ ಲೆಕ್ಕ. 2001ರ ಜನಗಣತಿಯಲ್ಲಿ ಹಾವೇರಿಯಲ್ಲಿ ಸುಮಾರು 56 ಸಾವಿರ ಜನ ಇದ್ದರು, 2011ರಲ್ಲಿ ಸುಮಾರು 67 ಸಾವಿರ ಆದರು. ರಾಣೆಬೆನ್ನೂರಿನಲ್ಲಿ ಸುಮಾರು 90 ಸಾವಿರ ಇದ್ದವರು 1 ಲಕ್ಷ 6 ಸಾವಿರ ಆದರು. ಅಂದರೆ ಜಿಲ್ಲಾ ಕೇಂದ್ರದ ಪಟ್ಟ ಸಿಕ್ಕ ಊರೂ, ಸಿಗದ ಊರೂ ಹತ್ತು ವರ್ಷದಲ್ಲಿ ನೂರಕ್ಕೆ ಇಪ್ಪತ್ತರ ಆಸುಪಾಸಿನಲ್ಲೇ ಬೆಳೆದವು. ರಾಣೆಬೆನ್ನೂರು ದೊಡ್ಡದಾಗಿಯೇ ಉಳಿಯಿತು, ಹಾವೇರಿ ಹಿಂದೆ ಬೀಳಲೂ ಇಲ್ಲ. ಕಚೇರಿಯೂ ಊರು ಬೆಳೆಸುತ್ತದೆ, ಪೇಟೆಯೂ ಬೆಳೆಸುತ್ತದೆ. ಗೆದ್ದವರು ಯಾರು ಅಂತ ಕೇಳಿದರೆ ಈ ಅಂಕಿಗಳಲ್ಲಿ ಉತ್ತರ ಇಲ್ಲ.

ಅದೇ 2011ರ ಗಣತಿಯಲ್ಲಿ ಇನ್ನೊಂದು ಅಂಕಿ ಇದೆ. ಅದನ್ನು ಯಾರೂ ಸ್ಟೇಟಸ್‌ಗೆ ಹಾಕುವುದಿಲ್ಲ. ಹಾವೇರಿ ಜಿಲ್ಲೆಯ ಸುಮಾರು 16 ಲಕ್ಷ ಜನರಲ್ಲಿ ನೂರಕ್ಕೆ 78 ಮಂದಿ ಹಳ್ಳಿಯವರು. ಎರಡು ಪೇಟೆಗಳ ಜಗಳದಲ್ಲಿ ಮಾತೇ ಕೇಳಿಸದ ದೊಡ್ಡ ಗುಂಪು ಇದು.

ಎತ್ತರಕ್ಕೂ ಹೆಸರಿಗೂ ಸಂಬಂಧ ಇಲ್ಲ ಅನ್ನುವುದಕ್ಕೆ ನಮ್ಮ ಮಗ್ಗುಲಲ್ಲೇ ಬ್ಯಾಡಗಿ ಇದೆ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಹೊಳ್ಳಿದರೆ ಸಿಗುವ ಊರು. 2011ರಲ್ಲಿ ಅಲ್ಲಿದ್ದವರು 30 ಸಾವಿರದ ಆಸುಪಾಸು ಜನ. ಆದರೂ ಹೊರದೇಶದಲ್ಲಿ ಹೆಸರು ಗೊತ್ತಿರುವುದು ಹಾವೇರಿಯದ್ದಲ್ಲ, ರಾಣೆಬೆನ್ನೂರಿನದ್ದೂ ಅಲ್ಲ, ಬ್ಯಾಡಗಿಯದ್ದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ ಸಿಕ್ಕಿತು. ಆ ಊರಿನಲ್ಲಿ ಕಣ್ಣಿಗೆ ಬೀಳುವ ದೊಡ್ಡ ಕಟ್ಟಡಗಳು ಅಂದರೆ ಕಿಟಕಿ ಇಲ್ಲದ ಕೋಲ್ಡ್ ಸ್ಟೋರೇಜ್‌ಗಳು. ಅವುಗಳೊಳಗೆ ಇರುವುದು ನಮ್ಮ ಜಿಲ್ಲೆಯ ಕಾಯಿ ಮಾತ್ರ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ರೈತರದ್ದೂ.

ಅದೇ ಬ್ಯಾಡಗಿಯಲ್ಲಿ 2024ರ ಮಾರ್ಚ್ 11ರ ಸೋಮವಾರ ಏನಾಯಿತು ನೆನಪಿದೆಯಲ್ಲ? ದರ ಕುಸಿಯಿತು ಅಂತ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿ ಅಂತ ನಾವು ಹೇಳುವುದಿಲ್ಲ. ಆದರೆ ಜಗತ್ತೇ ಬಲ್ಲ ಮಾರುಕಟ್ಟೆಯಲ್ಲಿ ಕೂಡ ಚೀಲ ಹೊತ್ತು ತಂದವನಿಗೆ ಅವತ್ತು ತನ್ನ ಮಾತು ಕೇಳುವವರು ಸಿಗಲಿಲ್ಲ. ಊರಿನ ಹೆಸರು ಬೆಳೆದಷ್ಟು ಅಲ್ಲಿಗೆ ಬಂದವರ ಬದುಕು ಬೆಳೆಯುವುದಿಲ್ಲ. ಇದು ಮೂರೂ ಊರಿಗೆ ಹೊಂದುವ ಮಾತು.

ಹಾಗಾದರೆ ಊರು ಬೆಳೆದಿದೆಯೋ ಇಲ್ಲವೋ ಅಂತ ಅಳೆಯುವುದು ಹೇಗೆ? ನಮ್ಮ ಹತ್ತಿರ ಒಂದು ಸಾದಾ ಅಳತೆ ಇದೆ. ಬೆಳಿಗ್ಗೆ ಹಳ್ಳಿ ಬಿಟ್ಟವರು ಕೆಲಸ ಮುಗಿಸಿಕೊಂಡು, ಕತ್ತಲಾಗುವ ಮೊದಲು ಬಸ್ಸಿನಲ್ಲೇ ಮನೆಗೆ ಬರಬಹುದಾ?

ಈ ಅಳತೆ ಹಿಡಿದು ನೋಡಿ. ಮೆಡ್ಲೇರಿ, ಐರಣಿ, ತುಮ್ಮಿನಕಟ್ಟಿ, ಹಲಗೇರಿಯವರಿಗೆ ಬೀಜ, ಗೊಬ್ಬರ, ಬಟ್ಟೆ, ಸಂತೆ ಎಲ್ಲಕ್ಕೂ ರಾಣೆಬೆನ್ನೂರು. ಜಿಲ್ಲಾ ಮಟ್ಟದ ಸಹಿ ಬೇಕೆಂದರೆ ಹಾವೇರಿ. ಸಣ್ಣ ಕಾಯಿಲೆಗೆ ರಾಣೆಬೆನ್ನೂರಿನ ಡಾಕ್ಟರು, ದೊಡ್ಡದಕ್ಕೆ ಹುಬ್ಬಳ್ಳಿ ಇಲ್ಲವೇ ದಾವಣಗೆರೆ, ಈಗ ಹಾವೇರಿ. ಹಾವೇರಿಗೆ ಹೋದ ದಿನ ಸಾಹೇಬರು ಮೀಟಿಂಗ್‌ನಲ್ಲಿ ಇದ್ದರೆ ಇನ್ನೊಂದು ದಿನ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳಿಯಿತು, ನಿಜ. ಆದರೆ ಹೋದ ದಿನದ ಕೂಲಿ ಹೋದದ್ದೇ.

ಆರ್‌ಟಿಒ ವಿಷಯದಲ್ಲಿ ಈ ಅಲೆದಾಟ ಕಡಿಮೆಯಾಗಿದೆ. ಕೆಎ 68 ಅನ್ನುವುದನ್ನು ರಾಣೆಬೆನ್ನೂರಿನವರು ತಮ್ಮ ಗೆಲುವು ಅಂತ ಹೇಳಿಕೊಳ್ಳುತ್ತಾರೆ. ನಮಗೆ ಅದು ಗೆಲುವಲ್ಲ, ಅನುಕೂಲ. ಲೈಸೆನ್ಸಿಗೆ ಹಾವೇರಿತನಕ ಹೋಗುವುದು ತಪ್ಪಿತು. ಬೇರೆ ಕೆಲಸಗಳೂ ಹೀಗೇ ಹತ್ತಿರ ಬರಬಾರದಾ?

ಕಚೇರಿ ಒಂದು ಕಡೆ, ಪೇಟೆ ಒಂದು ಕಡೆ ಇರುವ ಜೋಡಿ ನಮ್ಮದೊಂದೇ ಅಲ್ಲ. ಹುಬ್ಬಳ್ಳಿ ವ್ಯಾಪಾರದ ಊರು, ಧಾರವಾಡ ಕಚೇರಿ ಮತ್ತು ವಿದ್ಯೆಯ ಊರು. 1962ರಲ್ಲಿ ಎರಡನ್ನೂ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ದೊಡ್ಡ ಆಸ್ಪತ್ರೆ ಹುಬ್ಬಳ್ಳಿಗೆ, ವಿಶ್ವವಿದ್ಯಾಲಯ ಮತ್ತು ಹೈಕೋರ್ಟ್ ಪೀಠ ಧಾರವಾಡಕ್ಕೆ. ನಡುವೆ ಓಡಾಡಲು 2018ರಲ್ಲಿ ಬಿಆರ್‌ಟಿಎಸ್ ಬಸ್ಸು ಬಂತು. ಆದರೂ ಧಾರವಾಡದವರ ಅಸಮಾಧಾನ ಹೋಗಲಿಲ್ಲ. 2025ರ ಜನವರಿಯಲ್ಲಿ ಪ್ರತ್ಯೇಕ ಧಾರವಾಡ ಪಾಲಿಕೆಗೆ ಸಚಿವ ಸಂಪುಟ ಒಪ್ಪಿತು. ಇದರಲ್ಲಿ ನಮಗೊಂದು ಪಾಠ ಇದೆ: ಎರಡು ಊರನ್ನು ಕಾಗದದ ಮೇಲೆ ಒಂದು ಮಾಡಿದ ಮಾತ್ರಕ್ಕೆ ಮನಸ್ಸು ಒಂದಾಗುವುದಿಲ್ಲ. ನಡುವೆ ಬಸ್ಸು ಚೆನ್ನಾಗಿ ಓಡಿದರೆ ಜನರ ಕೆಲಸವಾದರೂ ಆಗುತ್ತದೆ.

ದೂರದ ಅಮೆರಿಕದಲ್ಲೂ ಇಂಥದ್ದೊಂದು ಜೋಡಿ ಇದೆ. ಮಿನ್ನೆಸೋಟ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯ ಪಕ್ಕ ಮಿನ್ನಿಯಾಪೊಲಿಸ್ ಮತ್ತು ಸೇಂಟ್ ಪಾಲ್. ಒಂದು ಹಿಟ್ಟಿನ ಗಿರಣಿಗಳ ಪೇಟೆ, ಇನ್ನೊಂದು ರಾಜಧಾನಿ. ಯಾರು ದೊಡ್ಡವರು ಅನ್ನುವ ಜಿದ್ದು 1890ರ ಜನಗಣತಿಯಲ್ಲಿ ಮಿತಿ ಮೀರಿತು. ಇಲ್ಲದ ಜನರ ಹೆಸರನ್ನೂ ಪಟ್ಟಿಗೆ ಸೇರಿಸಿದರು. ರೈಲು ನಿಲ್ದಾಣದ ಕಟ್ಟಡದಲ್ಲೇ ನೂರಾರು ಮಂದಿ ವಾಸವಿದ್ದಾರೆ ಅಂತ ಬರೆದರು. ಗಣತಿದಾರರ ಬಂಧನವಾಯಿತು. ಕೊನೆಗೆ ಎರಡೂ ಊರಿನಲ್ಲಿ ಮತ್ತೆ ತಲೆ ಎಣಿಸಬೇಕಾಯಿತು. ಇವತ್ತು ಅದೇ ಎರಡು ಊರಿಗೆ ವಿಮಾನ ನಿಲ್ದಾಣ ಒಂದೇ. ಬಸ್ಸು ಮತ್ತು ಚರಂಡಿ ನೀರಿನ ವ್ಯವಸ್ಥೆ ನೋಡಿಕೊಳ್ಳಲು 1967ರಲ್ಲಿ ಹುಟ್ಟಿದ ಒಂದೇ ಮಂಡಳಿ ಇದೆ. ಪಾಲಿಕೆಗಳು ಬೇರೆ ಬೇರೆಯಾಗಿಯೇ ಇವೆ, ಜಿದ್ದೂ ಅಷ್ಟಿಷ್ಟು ಇದೆ. ಕೆಲಸ ಮಾತ್ರ ಕೂಡಿ ಮಾಡುತ್ತಾರೆ.

ನಮ್ಮಲ್ಲೂ 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ನಿಗದಿಯಾಗಿದೆ. ಅಂಕಿ ಬಂದ ದಿನ ಮತ್ತೆ ಸ್ಟೇಟಸ್ ಯುದ್ಧ ನಡೆಯುವುದು ಗ್ಯಾರಂಟಿ. ಅದಕ್ಕೂ ಮೊದಲು ಹಳ್ಳಿಯವರಾದ ನಾವು ನಾಲ್ಕು ಮಾತು ಕೇಳಬೇಕು.

ಒಂದು, ಜಿಲ್ಲಾ ಕಚೇರಿಗಳ ಅಧಿಕಾರಿಗಳು ವಾರಕ್ಕೊಂದು ದಿನ, ಅದೂ ಮೊದಲೇ ಹೇಳಿದ ದಿನ, ರಾಣೆಬೆನ್ನೂರಿನಲ್ಲಿ ಕೂರಬೇಕು. ಇಲ್ಲಿ ಕೊಟ್ಟ ಅರ್ಜಿಗೆ ಇಲ್ಲೇ ಉತ್ತರ ಸಿಗಬೇಕು. ಹಾನಗಲ್, ಹಿರೇಕೆರೂರಿನಂಥ ದೂರದ ತಾಲ್ಲೂಕುಗಳಿಗೂ ಇದೇ ನಿಯಮ ಇರಲಿ.

ಎರಡು, ಹಳ್ಳಿಗಳಿಂದ ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೊರರೋಗಿ ವಿಭಾಗದ ಸಮಯ ನೋಡಿಕೊಂಡು ಬಸ್ಸು ಬಿಡಬೇಕು. ವಾಪಸ್ ಬರುವ ಕೊನೆಯ ಬಸ್ಸು ಚೀಟಿ, ರಕ್ತಪರೀಕ್ಷೆ, ಔಷಧ ಎಲ್ಲ ಮುಗಿದ ಮೇಲೂ ಸಿಗುವಂತಿರಬೇಕು.

ಮೂರು, ಯಾವುದೇ ಊರಿನಲ್ಲಿ ಇನ್ನೊಂದು ಅಂತಸ್ತು ಏರುವ ಮೊದಲು ಹಳ್ಳಿಯಿಂದ ಬಂದ ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ, ಕೂರಲು ನೆರಳು, ಕುಡಿಯಲು ನೀರು ಬೇಕು. ಬಸ್‌ಸ್ಟ್ಯಾಂಡ್, ಎಪಿಎಂಸಿ, ಕೋರ್ಟು, ಆಸ್ಪತ್ರೆ ಎಲ್ಲ ಕಡೆ. ಬೆಳಿಗ್ಗೆಯಿಂದ ನೀರು ಕುಡಿಯದೇ ಸಂಜೆತನಕ ತಡೆದುಕೊಂಡು ಕೂರುವ ತಾಯಂದಿರು ಎಷ್ಟೋ ಜನ. ಅವರಿಗೆ ಜಾಗ ಇಲ್ಲದ ಊರು ಎಷ್ಟು ಎತ್ತರ ಆದರೂ ಬೆಳೆದಿಲ್ಲ ಅಂತಲೇ ಲೆಕ್ಕ.

ನಾಲ್ಕನೆಯದು ಹೊಲದ ಮಾತು. ಎರಡೂ ಊರಿನಿಂದ ಹೊರಡುವ ರಸ್ತೆಗಳ ಪಕ್ಕ ಎರೆಹೊಲಗಳು ಎನ್‌ಎ ಆಗಿ, ಕಲ್ಲು ನೆಟ್ಟು, ಪ್ಲಾಟುಗಳಾಗುತ್ತಿವೆ. ಮಾರಿದವರನ್ನು ನಾವು ಬೈಯುವುದಿಲ್ಲ. ಮಗಳ ಮದುವೆ, ಸಾಲ, ಆಸ್ಪತ್ರೆ ಖರ್ಚು ಎಲ್ಲರಿಗೂ ಇದೆ. ಆದರೆ ಮಳೆನೀರು ಹರಿಯುವ ಹಳ್ಳ ಮುಚ್ಚಿ ಲೇಔಟ್ ಮಾಡಿದರೆ ಆ ನೀರು ಪಕ್ಕದವರ ಹೊಲಕ್ಕೆ ನುಗ್ಗುತ್ತದೆ. ಎರಡೂ ಊರಿನ ಯೋಜನಾ ಪ್ರಾಧಿಕಾರಗಳು ಒಟ್ಟಿಗೆ ಕುಳಿತು ಯಾವ ಕಡೆ ಊರು ಬೆಳೆಯಬೇಕು, ಯಾವ ಹಳ್ಳ, ಯಾವ ಕೆರೆ ಮುಟ್ಟಬಾರದು ಅಂತ ನಕ್ಷೆ ಮಾಡಲಿ. ಆ ನಕ್ಷೆ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರಲಿ.

ಇದರಲ್ಲಿ ಯಾವುದಕ್ಕೂ ಗಗನಚುಂಬಿ ಕಟ್ಟಡ ಬೇಕಿಲ್ಲ. ಓಟು ಕೇಳಲು ಬಂದವರು "ನಿಮ್ಮ ಊರನ್ನು ಬೆಂಗಳೂರು ಮಾಡುತ್ತೇವೆ" ಅಂದಾಗ ಚಪ್ಪಾಳೆ ಹೊಡೆಯುವ ಮೊದಲು ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿ. ಗ್ರಾಮಸಭೆಯಲ್ಲಿ ಕೇಳಿ, ಠರಾವು ಬರೆಸಿ, ಅದರ ಪ್ರತಿ ತಗೊಳ್ಳಿ. ಹಾವೇರಿಯ ಕಚೇರಿಗಳು ನಡೆಯುವುದು ನಮ್ಮ ಕೆಲಸಕ್ಕಾಗಿ, ರಾಣೆಬೆನ್ನೂರಿನ ಅಂಗಡಿಗಳು ನಡೆಯುವುದು ನಮ್ಮ ದುಡ್ಡಿನಿಂದ. ಎರಡೂ ಊರು ನಮ್ಮವೇ. ಹಾಗಾಗಿ ಎರಡೂ ಊರಿಗೆ ಲೆಕ್ಕ ಕೇಳುವ ಹಕ್ಕೂ ನಮ್ಮದೇ.