ಬಣ್ಣ ಬಳಿಯುವ ಮುನ್ನ

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಮಿಕ್ಕಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಸಾಮಂತ ಗೋನ ಗನ್ನಾರೆಡ್ಡಿಯ ಕಡೆಯ ವಿಠ್ಠಲನಾಥ 1294ರಲ್ಲಿ ಕೋಟೆ ಕಟ್ಟಿಸಿದ ಸಂಗತಿ ಅದರ ಮೇಲೆ ತೆಲುಗಿನಲ್ಲಿದೆ. ಅದೇ ಗೋಡೆಯಲ್ಲಿ ಗೀರಿದ ಚಿತ್ರವನ್ನು ನೋಡದೆ ಹೋಗುವವರೇ ಬಹಳ. ಆ ಕಲ್ಲನ್ನೇ ಬಂಡಿಗೆ ಹೇರಿದ್ದಾರೆ. ಕೋಣಗಳ ಸಾಲು ಎಳೆಯುತ್ತಿದೆ. ಹಿಂದೆ ನಿಂತ ಆಳುಗಳು ಗಾಲಿಗೆ ಮೀಟುಗೋಲು ಕೊಟ್ಟು ನೂಕುತ್ತಿದ್ದಾರೆ. ಎಂಥ ಭಾರ, ಎಂಥ ದುಡಿಮೆ! ಬೆವರು ಸುರಿಸಿದವರನ್ನೂ ಗೋಡೆಗೇರಿಸಿದ ಆ ಶಿಲ್ಪಿಗೆ ನಾನು ಕೈಮುಗಿಯುತ್ತೇನೆ.

ಈ ಸಂಚಿಕೆ ನಮ್ಮ ಸುತ್ತಲಿನ ಹಳೆಯ ಕಟ್ಟಡಗಳಿಗೆ, ಕಲ್ಲುಗಳಿಗೆ ಮೀಸಲು. ಕೋಟೆಗೆ, 1513ರ ಏಕ್ ಮಿನಾರ್ ಮಸೀದಿಗೆ ಹೇಗೋ ಹೆಸರಿದೆ. ಮಾನ್ವಿಯಲ್ಲಿ ಹರಿಕಥಾಮೃತಸಾರದ ಜಗನ್ನಾಥದಾಸರು ಸನ್ನಿಹಿತರಾಗಿದ್ದಾರೆಂದು ನಂಬುವ ಕಂಬವನ್ನು ಭಕ್ತರೇ ಕಾಯುತ್ತಾರೆ. ನನ್ನ ಸಂಕಟವೆಲ್ಲ ಯಾರೂ ಕಾಯದ ಕಲ್ಲುಗಳದ್ದು. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಮಳೆ ಶಂಕರ ಗುಡಿ, ಬಾವಿಗಳು, ಶಾಸನಗಳು ಒಂದೇ ಊರಿನಲ್ಲಿವೆ. ಅಲ್ಲಿಗೆ ಹೋಗುವವರು ಎಷ್ಟು ಜನ? ಮಸ್ಕಿಯಲ್ಲಿ ಅಶೋಕನ ಹೆಸರು ಹೊತ್ತ ಬಂಡೆಯೂ ಹೀಗೆಯೇ ಮೂಲೆಯಲ್ಲಿತ್ತು, ಅದು ಹೊರಜಗತ್ತಿಗೆ ತಿಳಿದದ್ದು 1915ರಲ್ಲಿ, ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಂದ.

ಊರಗಸಿಯ ಪಕ್ಕದ ವೀರಗಲ್ಲಿಗೆ ಜಾತ್ರೆ ಬಂತೆಂದರೆ ಎಣ್ಣೆಬಣ್ಣ. ಭಕ್ತಿಯಿಂದಲೇ ಬಳಿಯುತ್ತಾರೆ, ಆದರೆ ಅಕ್ಷರದ ಸಂದು ಮುಚ್ಚಿಹೋಗುತ್ತದೆ. ರಸ್ತೆ ಅಗಲ ಮಾಡುವಾಗ ಊರ ಕಾವಲಿನ ಹುಡೇವು ಉರುಳುತ್ತದೆ, ಅದರ ಕಲ್ಲು ಇನ್ಯಾರದೋ ಮನೆಯ ಪಾಯಕ್ಕೆ ಸೇರುತ್ತದೆ. ಶಾಸನವನ್ನು ಕಿತ್ತು ಬೇರೆಡೆ ನಿಲ್ಲಿಸುವುದೂ ಅಷ್ಟೇ ಕೇಡು. ದಾನಶಾಸನ ಕೆರೆ, ಹೊಲ, ದಾರಿಯ ಎಲ್ಲೆ ಹೇಳುತ್ತದೆ. ಜಾಗ ತಪ್ಪಿದರೆ ಆ ಎಲ್ಲೆಯ ಗುರುತು ಸಿಗುವುದಿಲ್ಲ.

ಮೊದಲು ಮಾನ್ವಿಗೆ ಸೇರಿದ್ದ ಸಿರವಾರವೇ ಈಗ ಒಂದು ತಾಲ್ಲೂಕು. ಹೊಸ ತಾಲ್ಲೂಕಿಗೆ ಕಚೇರಿ ಬಂದಂತೆ ಹಳೆಯ ಕಲ್ಲುಗಳ ಪಟ್ಟಿಯೂ ಬರಲಿ. ಅದನ್ನು ಊರವರೇ ಶುರುಮಾಡಬೇಕು. ಯಾವ ಗುಡಿಯ ಹಿಂದೆ, ಯಾರ ಹೊಲದ ಬದುವಿನಲ್ಲಿ ಏನಿದೆ ಎಂಬುದು ದನ ಕಾಯುವವರಿಗೆ, ಅಜ್ಜ ಅಜ್ಜಿಯರಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿಲ್ಲ.

ಓದುಗರೇ, ನಿಮ್ಮೂರಿನ ಒಂದೊಂದು ಕಲ್ಲಿನ ಬಗ್ಗೆ ಬರೆಯಿರಿ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಆಗ ಸವೆದ ಅಕ್ಷರವೂ ಕಾಣುತ್ತದೆ. ಸುಣ್ಣ, ಪುಡಿ ತಿಕ್ಕಬೇಡಿ. ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ, ಊರವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಬರೆಯಿರಿ. ಬಂದದ್ದನ್ನೆಲ್ಲ ಊರಿನ ಹೆಸರಿನೊಂದಿಗೆ ಅಚ್ಚು ಹಾಕುತ್ತೇವೆ.